ಡಿಸೈನ್ ಸಾಫ್ಟ್‌ವೇರ್ ಬೆನ್ನಿಗೆ ಬರುವ ಕರೆಯದ ಅತಿಥಿಗಳು: ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಹೊರಗಟ್ಟಬೇಕು?

ನವೆಂಬರ್ ಹತ್ತಿರ ಬಂತೆಂದರೆ ಕನ್ನಡಿಗರಿರುವ ಊರಲ್ಲೆಲ್ಲ ಪೋಸ್ಟರ್ ಕೆಲಸ ಶುರು. ಅಮೆರಿಕದಲ್ಲಿ ವಾಷಿಂಗ್ಟನ್ ಡಿಸಿ ಸುತ್ತಲಿನ ‘ಕಾವೇರಿ’ ಇರಲಿ, ಅಟ್ಲಾಂಟಾದ ‘ನೃಪತುಂಗ’ ಕನ್ನಡ ಕೂಟ ಇರಲಿ, ನಾರ್ತ್ ಕ್ಯಾರೊಲಿನಾದ ‘ಸಂಪಿಗೆ’ ಇರಲಿ, ಇಲ್ಲಿ ಗಲ್ಫ್‌ನ ನಮ್ಮ ಸಂಘಗಳೇ ಇರಲಿ, ರಾಜ್ಯೋತ್ಸವದ ಬ್ಯಾನರ್ ಮಾಡುವ ಜವಾಬ್ದಾರಿ ಸಾಮಾನ್ಯವಾಗಿ ಯಾರೋ ಒಬ್ಬ ಸ್ವಯಂಸೇವಕರ ತಲೆ ಮೇಲೆ ಬೀಳುತ್ತದೆ. ಅವರು ಡ್ಯೂಟಿ ಮುಗಿಸಿ ಬಂದು, ಊಟ ಮಾಡಿ, ರಾತ್ರಿ ಹತ್ತಕ್ಕೆ ಮನೆಯ ಲ್ಯಾಪ್‌ಟಾಪ್ ತೆಗೆಯುತ್ತಾರೆ. ಫೋಟೋಶಾಪ್ ಇನ್ನೂ ತೆರೆದೇ ಇಲ್ಲ, ಆಗಲೇ ಫ್ಯಾನ್ ಗರಗರ ಅನ್ನುತ್ತದೆ. ಮೌಸ್ ತಡವರಿಸುತ್ತದೆ. ಫೋನಿನ ಹಾಟ್‌ಸ್ಪಾಟ್ ಹಾಕಿಕೊಂಡಿದ್ದರೆ ಡೇಟಾ ಕಣ್ಣೆದುರೇ ಕರಗುತ್ತದೆ.

‘ಲ್ಯಾಪ್‌ಟಾಪ್ ಹಳೆಯದಾಯ್ತು, ಹೊಸದು ತಗೋಬೇಕು’ ಅಂತ ಹೆಚ್ಚಿನವರು ತೀರ್ಮಾನಿಸಿಬಿಡುತ್ತಾರೆ. ಎಷ್ಟೋ ಸಲ ತಪ್ಪು ಲ್ಯಾಪ್‌ಟಾಪಿನದಲ್ಲ. ಡಿಸೈನ್ ಸಾಫ್ಟ್‌ವೇರ್ ಜೊತೆಯಲ್ಲಿ ಬಂದು, ಕಾಣದಂತೆ ಹಿಂದೆ ಓಡುತ್ತಿರುವ ಸಣ್ಣ ಸಣ್ಣ ಪ್ರೋಗ್ರಾಮ್‌ಗಳದ್ದು. ಇವುಗಳಲ್ಲಿ ಕೆಲವು ಕೆಲಸಕ್ಕೆ ಬೇಕಾದವು, ಕೆಲವು ದಂಡಕ್ಕೆ ಕೂತು ತಿನ್ನುವವು, ಅಪರೂಪಕ್ಕೆ ಒಂದೆರಡು ನೇರ ಕಳ್ಳರು. ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ನಷ್ಟ ನಮಗೇ. ಯಾವುದು ಯಾವ ಗುಂಪಿಗೆ ಸೇರಿದ್ದು, ಏನು ಮಾಡಬೇಕು ಎಂಬ ವಿವರ ಇಲ್ಲಿದೆ.

ಹಿನ್ನೆಲೆ ಪ್ರೋಸೆಸ್ ಅಂದರೆ ಏನು?

ಪರದೆಯ ಮೇಲೆ ಕಿಟಕಿ ತೆರೆಯದೆ ಒಳಗೊಳಗೇ ಓಡುವ ಪ್ರೋಗ್ರಾಮಿಗೆ ಬ್ಯಾಕ್‌ಗ್ರೌಂಡ್ ಪ್ರೋಸೆಸ್ ಎನ್ನುತ್ತಾರೆ. ಇದು ಹೊಸ ವಿಷಯವೇನಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವವರಿಗೆಲ್ಲ ಒಂದು ಹಿನ್ನೆಲೆ ಪ್ರೋಸೆಸ್ ಚಿರಪರಿಚಿತ. ನುಡಿ ಅಥವಾ ಬರಹ ಹಾಕಿಕೊಂಡವರು ಗಮನಿಸಿರಬಹುದು: ಅದರ ಕೀಬೋರ್ಡ್ ಪ್ರೋಗ್ರಾಮ್ ಗಡಿಯಾರದ ಪಕ್ಕದಲ್ಲಿ ಸಣ್ಣ ಐಕಾನ್ ಆಗಿ ಕೂತಿರುತ್ತದೆ. ನಾವು ಒತ್ತುವ ಇಂಗ್ಲಿಷ್ ಕೀಲಿಯನ್ನು ಹಿಡಿದು ಕನ್ನಡ ಅಕ್ಷರ ಮಾಡಿ ಕೊಡುವುದು ಅದೇ. ಅದನ್ನು ಬಂದ್ ಮಾಡಿದರೆ ಕನ್ನಡವೂ ಬಂದ್.

ಹಾಗಾಗಿ ‘ಹಿಂದೆ ಓಡುವುದೆಲ್ಲ ವೈರಸ್’ ಎಂಬ ಮಾತು ಸರಿಯಲ್ಲ. ಒಂದು ಅಂಗಡಿಯಲ್ಲಿ ಕೌಂಟರ್ ಮುಂದೆ ಒಬ್ಬರು ನಿಂತಿದ್ದರೆ ಹಿಂದೆ ಗೋಡೌನಿನಲ್ಲಿ ನಾಲ್ಕು ಜನ ಇರ್ತಾರೆ. ಅವರಿಲ್ಲದೆ ಅಂಗಡಿ ನಡೆಯೋದಿಲ್ಲ. ಪ್ರಶ್ನೆ ಇಷ್ಟೇ: ಅವರನ್ನು ಕೆಲಸಕ್ಕೆ ಇಟ್ಟುಕೊಂಡದ್ದು ಯಾರು, ಅವರು ಮಾಡುವ ಕೆಲಸ ಏನು, ಸಂಬಳ ಯಾರ ಜೇಬಿಂದ ಹೋಗ್ತಾ ಇದೆ?

ಇವು ಇಷ್ಟೊಂದು ಹೆಚ್ಚಾದದ್ದು ಯಾವಾಗ?

ಮೊದಲು ಫೋಟೋಶಾಪ್ ಒಂದು ಡಬ್ಬದಲ್ಲಿ ಸಿಡಿಯಾಗಿ ಬರುತ್ತಿತ್ತು. ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು. 2013ರ ಮೇ ತಿಂಗಳಲ್ಲಿ ಅಡೋಬಿ ಕಂಪೆನಿ ಈ ಪದ್ಧತಿ ಕೈಬಿಡುವುದಾಗಿ ಪ್ರಕಟಿಸಿತು. ‘ಕ್ರಿಯೇಟಿವ್ ಸೂಟ್ 6’ ಆ ಸಾಲಿನ ಕೊನೆಯದಾಯಿತು. ಅಲ್ಲಿಂದ ಮುಂದೆ ‘ಕ್ರಿಯೇಟಿವ್ ಕ್ಲೌಡ್’ ಎಂಬ ಚಂದಾ ವ್ಯವಸ್ಥೆ, ಅಂದರೆ ಮನೆ ಬಾಡಿಗೆ ಇದ್ದ ಹಾಗೆ ತಿಂಗಳಿಗಿಷ್ಟು ಅಥವಾ ವರ್ಷಕ್ಕಿಷ್ಟು.

ಸ್ವಂತ ಮನೆಗೂ ಬಾಡಿಗೆ ಮನೆಗೂ ಇರುವ ವ್ಯತ್ಯಾಸ ಇಲ್ಲೂ ಬಂತು. ಬಾಡಿಗೆ ಕಟ್ಟಿದ್ದಾರಾ ಇಲ್ಲವಾ ಎಂದು ಆಗಾಗ ಬಂದು ನೋಡಬೇಕು. ಹೊಸ ಆವೃತ್ತಿ ಬಂದರೆ ಇಳಿಸಿಕೊಡಬೇಕು. ಫಾಂಟ್, ಬಣ್ಣ, ಲೋಗೋ ಎಲ್ಲವನ್ನೂ ಆಫೀಸಿನ ಕಂಪ್ಯೂಟರ್, ಮನೆಯ ಲ್ಯಾಪ್‌ಟಾಪ್ ಎರಡರಲ್ಲೂ ಒಂದೇ ರೀತಿ ಇಡಬೇಕು. ಈ ಒಂದೊಂದು ಕೆಲಸಕ್ಕೂ ಒಂದೊಂದು ಪ್ರೋಸೆಸ್ ಹುಟ್ಟಿಕೊಂಡಿತು. ಫೋಟೋಶಾಪ್ ಮುಚ್ಚಿದರೂ ಅವು ಮುಚ್ಚುವುದಿಲ್ಲ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ತಾವಾಗಿಯೇ ಎದ್ದು ಕೂರುತ್ತವೆ.

ಇದು ಅಡೋಬಿ ಒಂದರದೇ ಕಥೆಯಲ್ಲ. ಕಟ್ಟಡಗಳ ಡ್ರಾಯಿಂಗ್ ಮಾಡುವ ಆಟೊಡೆಸ್ಕ್ ಸಾಫ್ಟ್‌ವೇರ್‌ಗಳಿಗೂ ಪರವಾನಗಿ ನೋಡುವ ಹಿನ್ನೆಲೆ ಸೇವೆ ಇದೆ. ನಾರ್ತ್ ಕ್ಯಾರೊಲಿನಾದ ಕ್ಯಾರಿ ಪಟ್ಟಣದಲ್ಲಿರುವ ಎಪಿಕ್ ಗೇಮ್ಸ್ ಕಂಪೆನಿಯ ‘ಅನ್‌ರಿಯಲ್ ಎಂಜಿನ್’, ‘ಟ್ವಿನ್‌ಮೋಷನ್’ಗಳನ್ನು ಗಲ್ಫ್‌ನ ಆರ್ಕಿಟೆಕ್ಟ್ ಕಚೇರಿಗಳಲ್ಲಿ ಕೆಲಸ ಮಾಡುವವರು ಬಲ್ಲರು. ಅವನ್ನು ಇಳಿಸಲು ಬಳಸುವ ‘ಎಪಿಕ್ ಗೇಮ್ಸ್ ಲಾಂಚರ್’ ಕೂಡ ಕೆಳಗಿನ ಟ್ರೇಯಲ್ಲಿ ಕೂತಿರಬಲ್ಲದು. ಅದರ ಸೆಟ್ಟಿಂಗ್‌ನಲ್ಲಿ ‘ಕಂಪ್ಯೂಟರ್ ಶುರುವಾದಾಗ ಓಡಿಸು’ ಎಂಬ ಆಯ್ಕೆಯ ಗುರುತು ತೆಗೆದರೆ ಸಾಕು.

ಹೆಸರು ಮತ್ತು ಕೆಲಸ

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಮ್ಯಾಕ್‌ನಲ್ಲಿ ಇದಕ್ಕೆ ಆಕ್ಟಿವಿಟಿ ಮಾನಿಟರ್ ಎನ್ನುತ್ತಾರೆ. ಅಡೋಬಿ ಇರುವ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಕಾಣುವ ಹೆಸರುಗಳು ಇವು:

• ಕ್ರಿಯೇಟಿವ್ ಕ್ಲೌಡ್, ಅಡೋಬಿ ಡೆಸ್ಕ್‌ಟಾಪ್ ಸರ್ವಿಸ್: ಮೇಸ್ತ್ರಿಗಳು. ಲಾಗಿನ್, ಅಪ್‌ಡೇಟ್, ಇನ್‌ಸ್ಟಾಲ್ ಎಲ್ಲ ಇವರ ಕೈಯಲ್ಲಿ.

• ಕೋರ್ ಸಿಂಕ್: ಫೈಲು, ಫಾಂಟುಗಳನ್ನು ಇಂಟರ್ನೆಟ್ ಜೊತೆ ಹೊಂದಿಸುವವನು. ಡೇಟಾ ತಿನ್ನುವುದರಲ್ಲಿ ಇವನ ಪಾಲು ದೊಡ್ಡದು.

• ಸಿಸಿ ಲೈಬ್ರರಿ: ಲೋಗೋ, ಬಣ್ಣಗಳ ಸಂಗ್ರಹವನ್ನು ಎಲ್ಲ ಕಡೆ ಒಂದೇ ರೀತಿ ಇಡುವುದು ಇದರ ಕೆಲಸ.

• ಸಿಸಿಎಕ್ಸ್ ಪ್ರೋಸೆಸ್: ಫೋಟೋಶಾಪ್ ತೆರೆದಾಗ ಕಾಣುವ ಪಾಠ, ಟೆಂಪ್ಲೇಟ್, ಸ್ಟಾಕ್ ಚಿತ್ರ ಇತ್ಯಾದಿ ತಂದುಕೊಡುತ್ತದೆ. ಅವನ್ನು ನೋಡದವರಿಗೆ ಇದರಿಂದ ಪ್ರಯೋಜನ ಕಡಿಮೆ.

• ಅಡೋಬಿ ಐಪಿಸಿ ಬ್ರೋಕರ್: ಒಂದು ಅಡೋಬಿ ಪ್ರೋಗ್ರಾಮ್ ಇನ್ನೊಂದರ ಜೊತೆ ಮಾತಾಡಲು ನಡುವಿನ ದಲ್ಲಾಳಿ. ಇದನ್ನು ಅಳಿಸಬಾರದು.

• ಅಡೋಬಿ ಜೆನ್ಯೂನ್ ಸರ್ವಿಸ್: ಹಾಕಿಕೊಂಡ ಪ್ರತಿ ಅಸಲಿಯಾ ನಕಲಿಯಾ ಎಂದು ನೋಡುವವನು.

• ಸಿಇಎಫ್ ಹೆಲ್ಪರ್: ಕ್ರಿಯೇಟಿವ್ ಕ್ಲೌಡ್ ಕಿಟಕಿಯೊಳಗೆ ಪುಟಗಳನ್ನು ತೋರಿಸಲು ಇರುವ ಪುಟ್ಟ ಬ್ರೌಸರ್. ಒಂದೇ ಹೆಸರು ನಾಲ್ಕೈದು ಸಲ ಕಂಡರೆ ಗಾಬರಿ ಬೇಡ.

• ಅಕ್ರೊಬ್ಯಾಟ್ ಅಪ್‌ಡೇಟ್ ಸರ್ವಿಸ್: ಪಿಡಿಎಫ್ ಓದುವ ಪ್ರೋಗ್ರಾಮಿಗೆ ಸುರಕ್ಷತಾ ತಿದ್ದುಪಡಿ ತರುವುದು. ಪಿಡಿಎಫ್ ಮೂಲಕ ವೈರಸ್ ಬರುವ ಸಾಧ್ಯತೆ ಇರುವುದರಿಂದ ಇದು ಇರಲಿ.

ಖರ್ಚಿನ ಲೆಕ್ಕ

ಇವು ಬಿಲ್ ಕೊಡುವುದಿಲ್ಲ, ಆದರೆ ದುಡ್ಡು ಹೋಗುತ್ತದೆ. ಒಂದು ಉದಾಹರಣೆ ನೋಡೋಣ. 8 ಜಿಬಿ ಮೆಮೊರಿಯ ಲ್ಯಾಪ್‌ಟಾಪ್ ಇದೆ ಎಂದಿಟ್ಟುಕೊಳ್ಳಿ. ಫೋಟೋಶಾಪ್‌ಗೆ ಕಂಪೆನಿ ಹೇಳುವ ಕನಿಷ್ಠ ಅಗತ್ಯವೇ 8 ಜಿಬಿ, ಶಿಫಾರಸು 16 ಜಿಬಿ. ವಿಂಡೋಸ್ 3 ಜಿಬಿ ತೆಗೆದುಕೊಂಡಿತು, ಬ್ರೌಸರ್ 2, ಹಿನ್ನೆಲೆಯವರೆಲ್ಲ ಸೇರಿ 1 ಎಂದುಕೊಂಡರೆ ನಿಜವಾದ ಕೆಲಸಕ್ಕೆ ಉಳಿದದ್ದು 2 ಜಿಬಿ. ಹತ್ತು ಅಡಿ ಬ್ಯಾನರಿನ ಫೈಲ್ ಅಷ್ಟರಲ್ಲಿ ಹಿಡಿಸುವುದಿಲ್ಲ. ಉಳಿದದ್ದನ್ನು ಕಂಪ್ಯೂಟರ್ ಡಿಸ್ಕ್ ಮೇಲೆ ಬರೆದು, ಓದಿ, ಮತ್ತೆ ಬರೆಯುತ್ತದೆ. ‘ಹ್ಯಾಂಗ್ ಆಯ್ತು’ ಅನ್ನುವುದು ಬಹಳ ಸಲ ಇದನ್ನೇ. ಹಿನ್ನೆಲೆಯ ಆ 1 ಜಿಬಿ ಉಳಿಸಿದರೆ ಕೆಲಸದ ಜಾಗ 2ರಿಂದ 3ಕ್ಕೆ ಏರುತ್ತದೆ, ಅಂದರೆ ಒಂದೂವರೆ ಪಟ್ಟು. ಒಂದು ಫಿಲ್ಸ್ ಖರ್ಚಿಲ್ಲ.

ಎರಡನೆಯದು ಡೇಟಾ. ಡಿಸೈನ್ ಸಾಫ್ಟ್‌ವೇರಿನ ಒಂದು ದೊಡ್ಡ ಅಪ್‌ಡೇಟ್ ಗಿಗಾಬೈಟ್ ಲೆಕ್ಕದಲ್ಲಿ ಇರುತ್ತದೆ. ವರ್ಜೀನಿಯಾದ ಮನೆಯಲ್ಲಿ ಅನ್‌ಲಿಮಿಟೆಡ್ ವೈಫೈ ಇದ್ದವರಿಗೆ ಇದು ಗೊತ್ತಾಗುವುದಿಲ್ಲ. ಕ್ಯಾಂಪ್ ರೂಮಿನಲ್ಲಿ ಮೊಬೈಲ್ ಪ್ಯಾಕೇಜ್ ನಂಬಿಕೊಂಡವರಿಗೆ ತಿಂಗಳ ಮಧ್ಯದಲ್ಲೇ ಮನೆಗೆ ವಿಡಿಯೊ ಕಾಲ್ ಮಾಡಲು ಡೇಟಾ ಇಲ್ಲ ಅಂತಾದಾಗ ಗೊತ್ತಾಗುತ್ತದೆ. ಮೂರನೆಯದು ಬ್ಯಾಟರಿ ಮತ್ತು ಬಿಸಿ.

ಮೋರಿಸ್‌ವಿಲ್‌ನಿಂದ ಬಂದ ಪಾಠ

ಮೇಲೆ ಹೇಳಿದವು ಕಿರಿಕಿರಿ ಅಷ್ಟೇ, ಅಪಾಯ ಅಲ್ಲ. ಆದರೆ ಒಪ್ಪಿಗೆ ಕೇಳದೆ ಕೂರಿಸಿದ ಹಿನ್ನೆಲೆ ಪ್ರೋಗ್ರಾಮ್ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಲೆನೊವೊ ಪ್ರಕರಣ ಸಾಕ್ಷಿ. ಅದು ಡಿಸೈನ್ ಸಾಫ್ಟ್‌ವೇರ್ ವಿಷಯವಲ್ಲ, ಆದರೆ ಡಿಸೈನ್ ಮಾಡುವವರು ಕೊಳ್ಳುವ ಲ್ಯಾಪ್‌ಟಾಪಿನ ವಿಷಯ.

ಲೆನೊವೊ ಕಂಪೆನಿಯ ಅಮೆರಿಕದ ಮುಖ್ಯ ಕಚೇರಿ ಇರುವುದು ನಾರ್ತ್ ಕ್ಯಾರೊಲಿನಾದ ಮೋರಿಸ್‌ವಿಲ್‌ನಲ್ಲಿ. ಕನ್ನಡ ಕುಟುಂಬಗಳು ಸಾಕಷ್ಟಿರುವ ರಾಲೆ ಪಕ್ಕದ ಊರು. 2014ರ ಆಗಸ್ಟ್‌ನಿಂದ ಕಂಪೆನಿ ಕೆಲವು ಲ್ಯಾಪ್‌ಟಾಪ್ ಮಾದರಿಗಳಲ್ಲಿ ‘ವಿಷುವಲ್ ಡಿಸ್ಕವರಿ’ ಎಂಬ ಪ್ರೋಗ್ರಾಮನ್ನು ಮೊದಲೇ ಹಾಕಿ ಮಾರಿತು. ಮಾಡಿದ್ದು ಸೂಪರ್‌ಫಿಶ್ ಎಂಬ ಕಂಪೆನಿ. ಗ್ರಾಹಕರು ಆನ್‌ಲೈನ್ ಅಂಗಡಿಯಲ್ಲಿ ಯಾವುದಾದರೂ ವಸ್ತುವಿನ ಚಿತ್ರದ ಮೇಲೆ ಮೌಸ್ ಇಟ್ಟರೆ ಅದೇ ರೀತಿಯ ವಸ್ತುಗಳ ಜಾಹೀರಾತು ತೋರಿಸುವುದು ಅದರ ಕೆಲಸ. ಅದಕ್ಕಾಗಿ ಅದು ಬ್ಯಾಂಕಿನಂಥ ಸುರಕ್ಷಿತ ವೆಬ್‌ಸೈಟ್‌ಗೂ ಗ್ರಾಹಕರಿಗೂ ನಡುವೆ ತಾನು ಕೂತಿತು. ಸುರಕ್ಷತೆಯ ಪ್ರಮಾಣಪತ್ರದ ಜಾಗದಲ್ಲಿ ತನ್ನದನ್ನು ಇಟ್ಟಿತು. ಎಲ್ಲ ಲ್ಯಾಪ್‌ಟಾಪ್‌ಗೂ ಒಂದೇ ಕೀಲಿ, ಅದೂ ಸುಲಭವಾಗಿ ಒಡೆಯುವಂಥದ್ದು. ಒಂದು ಬೀಗದ ಕೈ ಸಿಕ್ಕಿದರೆ ಬೀದಿಯ ಎಲ್ಲ ಮನೆ ತೆರೆದ ಹಾಗೆ.

2015ರ ಫೆಬ್ರವರಿಯಲ್ಲಿ ಇದು ಬಯಲಾಯಿತು. ಅಮೆರಿಕದ ಗೃಹ ಭದ್ರತಾ ಇಲಾಖೆಯ ಕಂಪ್ಯೂಟರ್ ತುರ್ತು ತಂಡ ಎಚ್ಚರಿಕೆ ಹೊರಡಿಸಿತು. ಪ್ರಕರಣ ವಾಷಿಂಗ್ಟನ್‌ನ ಫೆಡರಲ್ ಟ್ರೇಡ್ ಕಮಿಷನ್ ಮುಂದೆ ಹೋಗಿ, 2017ರ ಸೆಪ್ಟೆಂಬರ್‌ನಲ್ಲಿ ಇತ್ಯರ್ಥವಾಯಿತು. ಜೊತೆಯಲ್ಲಿ 32 ರಾಜ್ಯಗಳಿಗೆ 35 ಲಕ್ಷ ಡಾಲರ್ ಕೊಡಲು ಕಂಪೆನಿ ಒಪ್ಪಿತು. ದಂಡಕ್ಕಿಂತ ದೊಡ್ಡದು ಷರತ್ತು: ಇನ್ನು ಮುಂದೆ ಇಂಥ ಪ್ರೋಗ್ರಾಮ್ ಹಾಕುವ ಮೊದಲು ಗ್ರಾಹಕರ ಸ್ಪಷ್ಟ ಒಪ್ಪಿಗೆ ಪಡೆಯಬೇಕು, 20 ವರ್ಷ ಕಾಲ ಸುರಕ್ಷತಾ ವ್ಯವಸ್ಥೆ ನಡೆಸಿ ಹೊರಗಿನವರಿಂದ ಆಡಿಟ್ ಮಾಡಿಸಬೇಕು.

ಪಾಠ ಒಂದೇ. ಹಿಂದೆ ಓಡುವುದು ತಪ್ಪಲ್ಲ, ಹೇಳದೆ ಓಡುವುದು ತಪ್ಪು.

ಕಂಪೆನಿಗೆ ಕೊಟ್ಟ ಮಾಹಿತಿ, ಕಂಪೆನಿಗೆ ಹೋಗುವ ದುಡ್ಡು

ಹಿನ್ನೆಲೆ ಪ್ರೋಸೆಸ್‌ಗಳು ನಮ್ಮನ್ನು ಸದಾ ಒಂದು ಖಾತೆಗೆ ಕಟ್ಟಿಹಾಕುತ್ತವೆ. ಆ ಖಾತೆಯಲ್ಲಿ ಕಾರ್ಡ್ ನಂಬರ್ ಇರುತ್ತದೆ. 2013ರ ಅಕ್ಟೋಬರ್‌ನಲ್ಲಿ ಅಡೋಬಿ ಖಾತೆಗಳ ಮಾಹಿತಿ ಕಳುವಾದದ್ದು ಬಯಲಾಯಿತು. ಸಕ್ರಿಯ ಖಾತೆಗಳ ಸಂಖ್ಯೆಯೇ 3.8 ಕೋಟಿ ಎಂದು ಕಂಪೆನಿ ನಂತರ ಹೇಳಿತು. ಮೇರಿಲ್ಯಾಂಡ್, ನಾರ್ತ್ ಕ್ಯಾರೊಲಿನಾ ಸೇರಿ 15 ರಾಜ್ಯಗಳು ಇದನ್ನು ಪ್ರಶ್ನಿಸಿದವು. 2016ರ ನವೆಂಬರ್‌ನಲ್ಲಿ 10 ಲಕ್ಷ ಡಾಲರ್‌ಗೆ ಇತ್ಯರ್ಥವಾಯಿತು. ಆದ್ದರಿಂದ ಡಿಸೈನ್ ಸಾಫ್ಟ್‌ವೇರಿನ ಪಾಸ್‌ವರ್ಡ್ ಬೇರೆ, ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್ ಬೇರೆ ಇರಲೇಬೇಕು.

ಇನ್ನೊಂದು ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಪ್ರೋಸೆಸ್‌ಗಳ ಕಾಟ ತಡೆಯಲಾರದೆ ಸಾಫ್ಟ್‌ವೇರನ್ನೇ ಅನ್‌ಇನ್‌ಸ್ಟಾಲ್ ಮಾಡಿ ಸುಮ್ಮನಾಗುತ್ತಾರೆ. ಅನ್‌ಇನ್‌ಸ್ಟಾಲ್ ಮಾಡಿದರೆ ಚಂದಾ ನಿಲ್ಲುವುದಿಲ್ಲ. ಕಾರ್ಡಿನಿಂದ ದುಡ್ಡು ಹೋಗ್ತಾನೇ ಇರುತ್ತದೆ. ಖಾತೆಗೆ ಹೋಗಿ ಪ್ಲ್ಯಾನ್ ರದ್ದು ಮಾಡಬೇಕು. ಅದಕ್ಕೂ ಮೊದಲು ಷರತ್ತು ಓದಬೇಕು. 2024ರ ಜೂನ್‌ನಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಕೊಟ್ಟ ದೂರಿನ ಮೇಲೆ ಅಮೆರಿಕದ ನ್ಯಾಯ ಇಲಾಖೆ ಅಡೋಬಿ ವಿರುದ್ಧ ದಾವೆ ಹೂಡಿತು. ‘ವಾರ್ಷಿಕ ಪ್ಲ್ಯಾನ್, ತಿಂಗಳ ಕಂತು’ ಎಂಬ ಯೋಜನೆಯನ್ನು ನಡುವೆ ಬಿಟ್ಟರೆ ಕಟ್ಟಬೇಕಾದ ಶುಲ್ಕವನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸಿಲ್ಲ, ರದ್ದು ಮಾಡುವ ದಾರಿಯನ್ನೂ ಕಷ್ಟ ಮಾಡಿದ್ದಾರೆ ಎಂಬುದು ಆರೋಪ. ಕಂಪೆನಿ ಇದನ್ನು ಒಪ್ಪಲಿಲ್ಲ.

ದೂರಿನ ಪ್ರಕಾರ ಮೊದಲ ವರ್ಷದಲ್ಲಿ ಬಿಟ್ಟರೆ ಉಳಿದ ಕಂತುಗಳ ಅರ್ಧ ಕಟ್ಟಬೇಕು. ಲೆಕ್ಕ ಹಾಕಿ: 4 ತಿಂಗಳು ಬಳಸಿ ಬಿಟ್ಟರೆ ಉಳಿದದ್ದು 8 ಕಂತು, ಅದರ ಅರ್ಧ 4. ಅಂದರೆ 4 ತಿಂಗಳ ಕೆಲಸಕ್ಕೆ 8 ತಿಂಗಳ ದುಡ್ಡು. ರಾಜ್ಯೋತ್ಸವ, ಯುಗಾದಿಗೆ ಮಾತ್ರ ಪೋಸ್ಟರ್ ಮಾಡುವವರು ಶುದ್ಧ ತಿಂಗಳ ಪ್ಲ್ಯಾನ್ ತೆಗೆದುಕೊಂಡರೆ ಕಂತು ಸ್ವಲ್ಪ ಹೆಚ್ಚಾದರೂ ಒಟ್ಟು ಖರ್ಚು ಕಡಿಮೆ ಆಗಬಹುದು.

ನಿಜವಾದ ಕಳ್ಳ: ಕ್ರ್ಯಾಕ್ ಜೊತೆ ಬರುವವನು

‘ಇಷ್ಟೆಲ್ಲ ತಲೆನೋವು ಯಾಕೆ, ಪೆನ್‌ಡ್ರೈವಿನಲ್ಲಿ ಕ್ರ್ಯಾಕ್ ಕಾಪಿ ಇದೆ, ಅದು ಯಾವ ಲಾಗಿನ್ನೂ ಕೇಳಲ್ಲ’ ಎನ್ನುವವರು ಪ್ರತಿ ರೂಮಿನಲ್ಲೂ ಒಬ್ಬರಿರುತ್ತಾರೆ. ಅಸಲಿ ಅಪಾಯ ಇರುವುದು ಇಲ್ಲಿಯೇ. ಕ್ರ್ಯಾಕ್ ಹಾಕುವಾಗ ‘ಮೊದಲು ಆ್ಯಂಟಿವೈರಸ್ ಬಂದ್ ಮಾಡಿ’ ಎಂದು ಬರೆದಿರುತ್ತದೆ. ಕಾವಲುಗಾರನನ್ನು ನಾವೇ ಮನೆಗೆ ಕಳಿಸಿ ಬಾಗಿಲು ತೆರೆದಿಟ್ಟ ಹಾಗಾಯಿತು.

2021ರಲ್ಲಿ ಬಿಟ್‌ಡಿಫೆಂಡರ್ ಎಂಬ ಭದ್ರತಾ ಕಂಪೆನಿ, ಮೈಕ್ರೋಸಾಫ್ಟ್ ಆಫೀಸ್ ಮತ್ತು ಫೋಟೋಶಾಪ್‌ನ ಕ್ರ್ಯಾಕ್ ಪ್ರತಿಗಳ ಜೊತೆ ಬಂದ ಪ್ರೋಗ್ರಾಮ್‌ಗಳು ಬ್ರೌಸರಿನಲ್ಲಿ ಉಳಿದ ಲಾಗಿನ್ ಗುರುತುಗಳನ್ನೇ ಕದಿಯುತ್ತವೆ ಎಂದು ವರದಿ ಮಾಡಿತು. ಲಾಗಿನ್ ಗುರುತು ಸಿಕ್ಕಿದರೆ ಹಲವು ಸೈಟ್‌ಗಳಲ್ಲಿ ಪಾಸ್‌ವರ್ಡ್ ಕೂಡ ಬೇಡ. 2023ರ ಫೆಬ್ರವರಿಯಲ್ಲಿ ಜಾಮ್ಫ್ ಎಂಬ ಇನ್ನೊಂದು ಕಂಪೆನಿ ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್ ‘ಫೈನಲ್ ಕಟ್ ಪ್ರೊ’ದ ಕಳ್ಳಪ್ರತಿಯೊಳಗೆ ಕ್ರಿಪ್ಟೊ ನಾಣ್ಯ ಗಣಿಗಾರಿಕೆ ಪ್ರೋಗ್ರಾಮ್ ಕಂಡುಹಿಡಿಯಿತು. ನಮ್ಮ ಕರೆಂಟು, ನಮ್ಮ ಪ್ರೊಸೆಸರ್, ಲಾಭ ಮಾತ್ರ ಯಾರಿಗೋ. ಅದರ ಕಿಲಾಡಿತನ ನೋಡಿ: ಬಳಕೆದಾರ ಆಕ್ಟಿವಿಟಿ ಮಾನಿಟರ್ ತೆರೆದ ಕೂಡಲೇ ಅದು ತಾನಾಗಿ ನಿಂತುಹೋಗುತ್ತಿತ್ತು. ಪೊಲೀಸ್ ಬಂದಾಗ ಎದ್ದು ಹೋಗುವ ಇಸ್ಪೀಟು ಗುಂಪಿನ ಹಾಗೆ. ಹೀಗಾಗಿ ಟಾಸ್ಕ್ ಮ್ಯಾನೇಜರ್ ತೆರೆದ ಕ್ಷಣ ಪ್ರತಿ ಸಲ ಫ್ಯಾನ್ ತಣ್ಣಗಾದರೆ ಅದೂ ಒಂದು ಸಂಶಯದ ಗುರುತೇ.

ಹಿಂದೆ ಕೂತು ಬ್ಯಾಂಕ್ ಪಾಸ್‌ವರ್ಡ್ ಕದಿಯುವ ದಂಧೆ ಎಷ್ಟು ದೊಡ್ಡದು ಎಂಬುದಕ್ಕೆ ಅಟ್ಲಾಂಟಾದ ಕೋರ್ಟಿನಲ್ಲಿ ನಡೆದ ‘ಸ್ಪೈಐ’ ಪ್ರಕರಣ ನೋಡಬಹುದು. ಅದು ಕ್ರ್ಯಾಕ್ ಸಾಫ್ಟ್‌ವೇರಿನ ಪ್ರಕರಣವಲ್ಲ, ಆದರೆ ಕಳ್ಳ ಪ್ರೋಸೆಸ್ ಕೆಲಸ ಮಾಡುವ ರೀತಿ ಅದೇ. ಕಂಪ್ಯೂಟರಿನಲ್ಲಿ ಸದ್ದಿಲ್ಲದೆ ಕೂತು, ಬ್ಯಾಂಕ್ ಸೈಟ್ ತೆರೆದಾಗ ಒತ್ತಿದ ಕೀಲಿಗಳನ್ನು, ಕಾರ್ಡ್ ವಿವರವನ್ನು ಹೊರಗೆ ಕಳಿಸುವ ಪ್ರೋಗ್ರಾಮ್ ಅದು. ಅದನ್ನು ಬರೆದ ರಷ್ಯಾದ ಅಲೆಕ್ಸಾಂಡರ್ ಪಾನಿನ್‌ನನ್ನು 2013ರ ಜುಲೈಯಲ್ಲಿ ಅಟ್ಲಾಂಟಾ ವಿಮಾನ ನಿಲ್ದಾಣದಲ್ಲಿ ಹಿಡಿದರು. 2016ರ ಏಪ್ರಿಲ್‌ನಲ್ಲಿ ಅವನಿಗೆ ಒಂಬತ್ತೂವರೆ ವರ್ಷ, ಅದನ್ನು ಮಾರಾಟ ಮಾಡಲು ನೆರವಾದ ಅಲ್ಜೀರಿಯಾದ ಹಮ್ಜಾ ಬೆಂಡೆಲ್ಲಾಜ್‌ಗೆ 15 ವರ್ಷ ಶಿಕ್ಷೆಯಾಯಿತು.

ಗಲ್ಫ್‌ನಲ್ಲಿರುವವರಿಗೆ ಇದು ದೂರದ ಸುದ್ದಿಯಲ್ಲ. ಪೋಸ್ಟರ್ ಮಾಡುವ ಅದೇ ಲ್ಯಾಪ್‌ಟಾಪಿನಲ್ಲಿ ಸಂಬಳದ ಖಾತೆ ತೆರೆಯುತ್ತೇವೆ, ಊರಿಗೆ ದುಡ್ಡು ಕಳಿಸುತ್ತೇವೆ, ಎನ್‌ಆರ್‌ಐ ಖಾತೆ ನೋಡುತ್ತೇವೆ. ಉಳಿಸಿದ್ದು ಒಂದು ಚಂದಾ, ಪಣಕ್ಕಿಟ್ಟದ್ದು ಮನೆ ಕಟ್ಟಲು ಕೂಡಿಟ್ಟ ಗಂಟು. ಜೊತೆಗೆ ಕಾನೂನೂ ಇದೆ. ಯುಎಇಯಲ್ಲಿ 2021ರ 38ನೇ ಫೆಡರಲ್ ಕಾಯ್ದೆ ಸಾಫ್ಟ್‌ವೇರಿಗೂ ಹಕ್ಕುಸ್ವಾಮ್ಯ ರಕ್ಷಣೆ ಕೊಡುತ್ತದೆ. ವೀಸಾ ಮೇಲೆ ಬದುಕುವವರಿಗೆ ಕೇಸು ಅಂದರೆ ಏನು ಅಂತ ಬೇರೆ ಹೇಳಬೇಕಾಗಿಲ್ಲ.

ಹಂತ ಹಂತವಾಗಿ ಏನು ಮಾಡಬೇಕು?

1. ಮೊದಲು ನೋಡಿ, ಆಮೇಲೆ ಮುಟ್ಟಿ. ಕಂಪ್ಯೂಟರ್ ಆನ್ ಮಾಡಿ ಐದು ನಿಮಿಷ ಬಿಟ್ಟು ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಮೆಮೊರಿ ಕಾಲಮ್ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ತಿನ್ನುವವರು ಮೇಲೆ ಬರ್ತಾರೆ. ಒಂದು ಫೋಟೋ ತೆಗೆದಿಡಿ.

2. ಕ್ರಿಯೇಟಿವ್ ಕ್ಲೌಡ್ ಒಳಗೆ ಪ್ರಿಫರೆನ್ಸಸ್‌ಗೆ ಹೋಗಿ. ಜನರಲ್ ವಿಭಾಗದಲ್ಲಿ ‘ಲಾಗಿನ್ ಆದಾಗ ಕ್ರಿಯೇಟಿವ್ ಕ್ಲೌಡ್ ತೆರೆ’ ಎಂಬುದರ ಗುರುತು ತೆಗೆಯಿರಿ. ಆ್ಯಪ್ಸ್ ವಿಭಾಗದಲ್ಲಿ ತಾನಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿ. ಫೈಲ್ ಸಿಂಕ್ ಬೇಡದಿದ್ದರೆ ಅದನ್ನೂ ತಡೆಹಿಡಿಯಿರಿ.

3. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ವಿಭಾಗದಲ್ಲಿ ಕ್ರಿಯೇಟಿವ್ ಕ್ಲೌಡ್, ಸಿಸಿಎಕ್ಸ್ ಪ್ರೋಸೆಸ್ ಎರಡನ್ನೂ ‘ಡಿಸೇಬಲ್’ ಮಾಡಿ. ಅಳಿಸಬೇಡಿ. ಬೇಕಾದಾಗ ಮತ್ತೆ ‘ಎನೇಬಲ್’ ಮಾಡಬಹುದು.

4. ಮ್ಯಾಕ್ ಇದ್ದವರು ಸಿಸ್ಟಮ್ ಸೆಟ್ಟಿಂಗ್ಸ್, ಜನರಲ್, ಲಾಗಿನ್ ಐಟಮ್ಸ್‌ಗೆ ಹೋಗಿ. 2022ರ ವೆಂಚುರಾ ಆವೃತ್ತಿಯಿಂದ ಹಿನ್ನೆಲೆಯಲ್ಲಿ ಓಡಲು ಅನುಮತಿ ಇರುವವರ ಪಟ್ಟಿ ಅಲ್ಲೇ ಸಿಗುತ್ತದೆ.

5. ಸಂಶಯದ ಹೆಸರು ಕಂಡರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಫೈಲ್ ಇರುವ ಜಾಗ ತೆರೆಯಿರಿ. ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ ನೋಡಿ. ಅಡೋಬಿ ಎಂಬ ಹೆಸರಿಟ್ಟುಕೊಂಡು ಅಡೋಬಿಯ ಸಹಿ ಇಲ್ಲದಿದ್ದರೆ ಅನುಮಾನಪಡಿ. ಸಹಿ ಇಲ್ಲದ ವೋಚರನ್ನು ಯಾರೂ ಪಾಸ್ ಮಾಡುವುದಿಲ್ಲ, ಇಲ್ಲೂ ಅಷ್ಟೇ.

6. ಇನ್ನೂ ಆಳವಾಗಿ ನೋಡಬೇಕೆಂದರೆ ಮೈಕ್ರೋಸಾಫ್ಟ್‌ನದೇ ಉಚಿತ ‘ಆಟೊರನ್ಸ್’ ಇದೆ. ಅದನ್ನು ಮೈಕ್ರೋಸಾಫ್ಟ್ ಸೈಟಿನಿಂದಲೇ ಇಳಿಸಿಕೊಳ್ಳಿ.

7. ತಿಂಗಳಿಗೊಂದು ಸಲ ಒಳ್ಳೆಯ ವೈಫೈ ಸಿಕ್ಕಾಗ ಅಪ್‌ಡೇಟನ್ನು ಕೈಯಾರೆ ಮಾಡಿ. ಪೂರ್ತಿ ನಿಲ್ಲಿಸಿಬಿಟ್ಟರೆ ಸುರಕ್ಷತಾ ತಿದ್ದುಪಡಿ ತಪ್ಪಿಹೋಗುತ್ತದೆ. ಪರವಾನಗಿ ಪರಿಶೀಲನೆಗೂ ಆಗಾಗ ಇಂಟರ್ನೆಟ್‌ಗೆ ಸೇರಬೇಕಾಗುತ್ತದೆ.

ಮಾಡಬಾರದ್ದು

ಪ್ರೋಗ್ರಾಮ್ ಫೋಲ್ಡರಿಗೆ ನುಗ್ಗಿ ಫೈಲ್ ಅಳಿಸಬೇಡಿ, ಸಾಫ್ಟ್‌ವೇರ್ ತೆರೆಯದೇ ಹೋಗಬಹುದು. ಆಟೊಡೆಸ್ಕ್‌ನ ಲೈಸೆನ್ಸಿಂಗ್ ಸರ್ವಿಸ್ ನಿಲ್ಲಿಸಬೇಡಿ. ‘ಒಂದೇ ಕ್ಲಿಕ್‌ನಲ್ಲಿ ಕಂಪ್ಯೂಟರ್ ಫಾಸ್ಟ್’ ಎನ್ನುವ ಕ್ಲೀನರ್‌ಗಳನ್ನು ಹಾಕಬೇಡಿ, ಹಿಂದೆ ಕೂತು ತಿನ್ನುವವರ ಪಟ್ಟಿಗೆ ಇನ್ನೊಬ್ಬ ಸೇರುತ್ತಾನೆ ಅಷ್ಟೇ. ಕಂಪೆನಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಏನನ್ನೂ ಮುಟ್ಟದೆ ಐಟಿ ವಿಭಾಗದವರಿಗೆ ಹೇಳಿ. ಅದರಲ್ಲಿ ಕಂಪೆನಿಯೇ ಇಟ್ಟ ನಿಗಾ ಪ್ರೋಗ್ರಾಮ್ ಇರಬಹುದು, ಅದನ್ನು ನಿಲ್ಲಿಸಿದರೆ ಕೆಲಸಕ್ಕೇ ಕುತ್ತು.

ಕಳ್ಳ ಒಳಗಿದ್ದಾನೆ ಅನ್ನಿಸಿದರೆ

ಮೊದಲು ಇಂಟರ್ನೆಟ್ ತೆಗೆಯಿರಿ. ಬೇರೆ ಫೋನಿನಿಂದ ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ಎಲ್ಲ ಸಾಧನಗಳಿಂದ ಲಾಗೌಟ್ ಆಗುವ ಆಯ್ಕೆ ಒತ್ತಿ, ಕದ್ದ ಲಾಗಿನ್ ಗುರುತು ನಿರುಪಯೋಗ ಆಗುವುದು ಆಗಲೇ. ದುಡ್ಡು ಹೋಗಿದ್ದರೆ ಮೊದಲು ಬ್ಯಾಂಕಿಗೆ ಫೋನ್. ಊರಲ್ಲಿರುವವರು 1930ಕ್ಕೆ ಕರೆ ಮಾಡಬೇಕು. ದುಬೈಯಲ್ಲಿದ್ದರೆ ಪೊಲೀಸರ ಇ-ಕ್ರೈಮ್ ವೇದಿಕೆ, ಅಮೆರಿಕದಲ್ಲಿದ್ದರೆ ಎಫ್‌ಬಿಐನ ಇಂಟರ್ನೆಟ್ ಅಪರಾಧ ದೂರು ಕೇಂದ್ರ ಇದೆ. ಬೇಕಾದ ಫೋಟೋ, ಡಿಸೈನ್ ಫೈಲುಗಳನ್ನು ಮಾತ್ರ ಉಳಿಸಿಕೊಂಡು ವಿಂಡೋಸ್ ಹೊಸದಾಗಿ ಹಾಕಿಸುವುದೇ ಖಾತ್ರಿ ದಾರಿ.

ಚಂದಾ ಕಟ್ಟಲಾಗದವರಿಗೆ

ಕ್ರ್ಯಾಕ್ ಒಂದೇ ದಾರಿಯಲ್ಲ. ಫೋಟೋ ತಿದ್ದಲು ಗಿಂಪ್, ಲೋಗೋ ಮತ್ತು ಬ್ಯಾನರ್‌ಗೆ ಇಂಕ್‌ಸ್ಕೇಪ್, ಚಿತ್ರ ಬರೆಯಲು ಕ್ರಿಟಾ, ಸ್ಮರಣ ಸಂಚಿಕೆ ಪುಟ ಕಟ್ಟಲು ಸ್ಕ್ರೈಬಸ್, ನಾಲ್ಕೂ ಉಚಿತ, ಕಾನೂನುಬದ್ಧ. ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಫೋಟೋಶಾಪ್‌ನಲ್ಲೇ ಕನ್ನಡ ಒತ್ತಕ್ಷರ ಒಡೆಯುತ್ತದೆ ಎಂದು ಹಳೆಯ ಕ್ರ್ಯಾಕ್ ಆವೃತ್ತಿ ಹುಡುಕುವವರೂ ಇದ್ದಾರೆ. ಅದರ ಅಗತ್ಯ ಇಲ್ಲ. ಹಿಂದಿನ ಆವೃತ್ತಿಗಳಲ್ಲೂ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾ ಲಿಪಿಗಳಿಗೆ ಇದ್ದ ಆಯ್ಕೆ ಹಾಕಿಕೊಂಡು ಹೊಸ ಫೈಲ್ ತೆರೆದರೆ ಯೂನಿಕೋಡ್ ಅಕ್ಷರ ನೆಟ್ಟಗಾಗುತ್ತಿತ್ತು.

ಅಂಗಡಿ ಇಟ್ಟವರು ತಿಂಗಳ ಕೊನೆಗೆ ಸ್ಟಾಕ್ ನೋಡುವ ಹಾಗೆ, ತಿಂಗಳಿಗೊಂದು ಶುಕ್ರವಾರ ಹತ್ತು ನಿಮಿಷ ಟಾಸ್ಕ್ ಮ್ಯಾನೇಜರ್ ತೆರೆದು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಯಾರು ಬಂದಿದ್ದಾರೆ, ಯಾರು ಕರೆದದ್ದು, ಏನು ತಿನ್ನುತ್ತಿದ್ದಾರೆ ಎಂಬ ಮೂರು ಪ್ರಶ್ನೆ ಕೇಳಿದರೆ ಸಾಕು. ಊರಿನಲ್ಲಿ ಓದುವ ಮಕ್ಕಳ ಲ್ಯಾಪ್‌ಟಾಪಿಗೂ ಇದನ್ನೇ ಹೇಳಿಕೊಡಿ. ಕ್ರ್ಯಾಕ್ ಕಾಪಿ ಮೊದಲು ಬರುವುದು ಹೆಚ್ಚಾಗಿ ಅವರ ಪೆನ್‌ಡ್ರೈವಿನಲ್ಲೇ.